ರಸ್ತೆ ಬದಿಯ ಮುಳ್ಳು ಗಿಡ: ಮೂರನೇ ವಾರ

ಚಳ್ಳಕೆರೆ ರಸ್ತೆಯ ಹಳದಿ ಹೂವಿನ ಗಿಡ ಯಾವುದು ಅಂತ ಕೊನೆಗೂ ಗೊತ್ತಾಯಿತು. ಜನವರಿ ಮೊದಲ ವಾರ ಕಂಡಾಗ ಹೆಚ್ಚುಕಡಿಮೆ ನನ್ನ ಸೊಂಟದ ಎತ್ತರ ಇತ್ತು. ಎಲೆಯ ಅಂಚಿಗೆಲ್ಲ ಮುಳ್ಳು, ನರಗಳ ಉದ್ದಕ್ಕೂ ಬಿಳಿ ಪಟ್ಟೆ. ದೂರದಿಂದ ನೋಡಿ ಬ್ರಹ್ಮದಂಡೆ ಅಂತ ಬರೆದುಕೊಂಡಿದ್ದೆ. ಅದು ತಪ್ಪು. ಬ್ರಹ್ಮದಂಡೆಯ ಹೂ ಮುಳ್ಳಿನ ಚೆಂಡಿನ ಹಾಗಿರುತ್ತದೆ. ಇದಕ್ಕೆ ಆರು ತೆಳು ಎಸಳು, ಸುಮ್ನೆ ಬೆರಳು ತಾಗಿದರೂ ಉದುರುತ್ತವೆ.

ಎರಡನೇ ವಾರ ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದೆ. "ದತ್ತೂರಿ ಗಿಡ ಕಣಮ್ಮಾ, ಕುರಿನೂ ಬಾಯಿ ಹಾಕಲ್ಲ" ಅಂದರು. ಮತ್ತೆ ಗೊಂದಲ. ಶಿವನಿಗೆ ಏರಿಸುವ ದತ್ತೂರಿಯ ಹೂ ಉದ್ದ ಕೊಳವೆ ಅಲ್ವಾ? ಅದರ ಕಾಯಿಗೆ ಮುಳ್ಳು, ಎಲೆಗಿಲ್ಲ. ಆದರೆ ಅಜ್ಜ ಹೇಳಿದ್ದೂ ಸರಿಯೇ. ಇದಕ್ಕೂ ಜನ ಅದೇ ಹೆಸರು ಹೇಳುತ್ತಾರೆ, ಅರಿಶಿನ ಉಮ್ಮತ್ತಿ ಅಂತಲೂ ಕರೆಯುತ್ತಾರೆ.

ಅರಿಶಿನ ಯಾಕೆ ಅಂತ ಈ ವಾರ ಕಣ್ಣಾರೆ ಕಂಡೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಒಂದು ಕಡ್ಡಿ ಮುರಿದೆ. ಹಳದಿ ಹಾಲು ಜಿನುಗಿತು. ಬಟ್ಟೆಯ ಕಲೆ ಇನ್ನೂ ಹೋಗಿಲ್ಲ. ಅಲ್ಲಿಗೆ ಖಚಿತ: ಅರ್ಗೆಮೋನ್ ಮೆಕ್ಸಿಕಾನಾ. ಗಸಗಸೆಯ ಕುಟುಂಬದ್ದು, ಮೆಕ್ಸಿಕೊ ಕಡೆಯಿಂದ ಬಂದದ್ದು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ವೈಜ್ಞಾನಿಕ ಹೆಸರು ಅದು. ಕೆನೆ ಬಣ್ಣದ ಹೂ ಬಿಡುವ ಹತ್ತಿರದ ಜಾತಿ ಒಂದಿದೆ, ಅದರ ಮೊಗ್ಗು ಉದ್ದ. ನನ್ನ ಗಿಡದ ಮೊಗ್ಗು ಗುಂಡಗಿದೆ, ತುದಿಯಲ್ಲಿ ಮೂರು ಪುಟ್ಟ ಕೊಂಬು.

ಒಂದು ಒಣ ಕಾಯಿ ತುದಿಯಲ್ಲಿ ಬಿರಿದಿತ್ತು. ಅಂಗೈ ಮೇಲೆ ತಟ್ಟಿದೆ. ಉದುರಿದ ಕಾಳು ನೋಡಿ ಎದೆ ಝಲ್ಲೆಂದಿತು, ಥೇಟ್ ಸಾಸಿವೆ! ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಇದರ ಮೈತುಂಬ ಬಲೆ ನೇಯ್ದ ಹಾಗೆ ಸಣ್ಣ ಕುಳಿಗಳು. ಸಾಸಿವೆ ಇದಕ್ಕಿಂತ ಎಷ್ಟೋ ನುಣುಪು. ಬರಿಗಣ್ಣಿಗೆ ಮೋಸ ಹೋಗೋದು ಜಾಸ್ತಿ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಸಾವಿರಾರು ಜನರ ಕಾಲು ಊದಿಕೊಂಡಿತು, 60ಕ್ಕೂ ಹೆಚ್ಚು ಜನ ತೀರಿಕೊಂಡರು. ಓದಿದ ಕೂಡಲೇ ಮೇಜಿನ ಮೇಲಿದ್ದ ಎರಡೂ ಬಗೆಯ ಕಾಳು ಗುಡಿಸಿ ಎಸೆದೆ. ಕಾಯಿಯಲ್ಲಿ ಉಳಿದವನ್ನು ಚೀಟಿ ಅಂಟಿಸಿದ ಸೀಸೆಗೆ ಹಾಕಿ, ಅಡುಗೆಮನೆಯಿಂದ ದೂರ ಇಟ್ಟಿದ್ದೇನೆ.

ಮುಂದಿನ ವಾರ ಹತ್ತಿರದ ಸಾಸಿವೆ ಹೊಲದ ಬದು ನೋಡಬೇಕು. ಅಲ್ಲೂ ಈ ಗಿಡ ಇದ್ದರೆ ಕಾಯಿ ಒಡೆಯುವ ಮುಂಚೆ ಹೊಲದವರಿಗೆ ಹೇಳಬೇಕು.