ಬೀಗರ ಮನೆತನದ ಬೇರು: ಎನ್ನಿಸ್‌ಮೋರ್‌ನ ಐರಿಷ್ ರೈತರು, ನಾಲ್ಕನೆಯ ವರದಿ

ಸೊಸೆಯ ತವರಿನ ವಂಶಮೂಲವನ್ನು ಹುಡುಕುವ ಕೆಲಸಕ್ಕೆ ಕೈಹಾಕಿ ಎರಡು ವರ್ಷವಾಗುತ್ತಾ ಬಂದಿದೆ. ಆಕೆಯ ತಾಯಿಯ ಕಡೆಯವರು ಕೆನಡಾದ ಒಂಟಾರಿಯೋ ಪ್ರಾಂತ್ಯದ ಎನ್ನಿಸ್‌ಮೋರ್ ಎಂಬಲ್ಲಿಯ ರೈತರು. 1825ರಲ್ಲಿ ಪೀಟರ್ ರಾಬಿನ್ಸನ್ ಎಂಬಾತನ ಉಸ್ತುವಾರಿಯಲ್ಲಿ, ಬ್ರಿಟಿಷ್ ಸರಕಾರದ ಖರ್ಚಿನಲ್ಲಿ, ಐರ್ಲೆಂಡಿನ ಕಾರ್ಕ್ ಬಂದರಿನಿಂದ ಒಂಬತ್ತು ಹಡಗುಗಳಲ್ಲಿ ಹೊರಟ ಸುಮಾರು 2,000 ಜನರಲ್ಲಿ ಅವರ ಹಿರಿಯರೂ ಇದ್ದರು. ಕುಟುಂಬಕ್ಕೆ 100 ಎಕರೆ ಕಾಡುನೆಲ, ಮರದ ದಿಮ್ಮಿಗಳ ಒಂದು ಗುಡಿಸಲು, ಒಂದು ಹಸು, ಕೊಡಲಿ, ಬಿತ್ತನೆಗೆ ಆಲೂಗಡ್ಡೆ, ಇಷ್ಟರಿಂದ ಅವರ ಬೇಸಾಯ ಆರಂಭವಾಯಿತು. ಹತ್ತಿರದ ಪೀಟರ್‌ಬರೋ ಪಟ್ಟಣಕ್ಕೆ ಹೆಸರು ಬಂದದ್ದು ಈ ರಾಬಿನ್ಸನ್‌ನಿಂದಲೇ.

ಎನ್ನಿಸ್‌ಮೋರ್‌ಗೆ ಮೂರು ಕಡೆ ಸರೋವರಗಳ ನೀರಿದೆ. ಸುತ್ತ ನೀರು, ಒಳಗೆ ಒಂದೇ ಸೀಮೆಯಿಂದ ಬಂದ, ಒಂದೇ ಧರ್ಮದ ಕೆಲವೇ ಮನೆಗಳು. ಹೆಣ್ಣು ಕೊಡುವುದೂ ತರುವುದೂ ಆ ಮನೆಗಳ ನಡುವೆಯೇ ನಡೆದದ್ದು ಸಹಜ. ಆದ್ದರಿಂದ ಇಲ್ಲಿ ವಂಶವೃಕ್ಷ ಎಂಬ ಮಾತೇ ಸರಿಹೊಂದುವುದಿಲ್ಲ. ಬೇರುಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ಕಳೆದ ವರದಿಯಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಐರಿಷ್ ಮನೆಗಳ ರೂಢಿಯಾಗಿದ್ದುದರಿಂದ, ಐವರು ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಅಜ್ಜನ ಹೆಸರಿನ ಐವರು ಮೊಮ್ಮಕ್ಕಳಿರುತ್ತಾರೆ. ಅಂಥ ಇಬ್ಬರನ್ನು ಒಬ್ಬನೇ ಎಂದು ಭಾವಿಸಿ, ಒಬ್ಬನ ಹೆಂಡತಿಯನ್ನು ಇನ್ನೊಬ್ಬನ ಮಕ್ಕಳಿಗೆ ತಾಯಿಯನ್ನಾಗಿಸಿದ್ದೆ. 1871ರ ಜನಗಣತಿಯ ಕೃಷಿ ಪಟ್ಟಿಯಲ್ಲಿ ಪ್ರತಿ ರೈತನ ಜಮೀನಿನ ಸಾಲು ಮತ್ತು ತಾಕಿನ ಸಂಖ್ಯೆ ಇರುವುದು ನೆನಪಾಗಿ, ಅದನ್ನು ತೆಗೆದು ನೋಡಿದಾಗಲೇ ಇಬ್ಬರೂ ಬೇರೆ ಬೇರೆ ನೆಲದಲ್ಲಿ ನಿಂತರು. ಹೆಸರನ್ನು ನಂಬದೆ ಹೊಲವನ್ನು ನಂಬಬೇಕೆಂದು ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ.

ಈ ಸಲದ ದೊಡ್ಡ ಮುನ್ನಡೆ ಇಬ್ಬರು ಅಜ್ಜಿಯರ ವಿಷಯದಲ್ಲಿ ಆಗಿದೆ. 1871ರ ಗಣತಿಯಲ್ಲಿ ಅವರಿಬ್ಬರೂ ಗಂಡಂದಿರ ಮನೆಹೆಸರಿನಲ್ಲೇ ಇದ್ದಾರೆ, ತವರಿನ ಹೆಸರಿಲ್ಲ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬ ಅಂಕಣವೂ 1891ರ ಗಣತಿಯವರೆಗೆ ಇರಲಿಲ್ಲ. ಒಂಟಾರಿಯೋದಲ್ಲಿ ಸರಕಾರಿ ನೋಂದಣಿ ಶುರುವಾದದ್ದು 1869ರಲ್ಲಿ. ಅಷ್ಟರೊಳಗೆ ಆ ಅಜ್ಜಿಯರ ಮದುವೆಯಾಗಿ ದಶಕಗಳೇ ಕಳೆದಿದ್ದವು. ದಾರಿ ತೋರಿದ್ದು ಅವರ ಮೊಮ್ಮಕ್ಕಳ ಮದುವೆ. 1880ರ ದಶಕದ ಚರ್ಚಿನ ದಾಖಲೆಯಲ್ಲಿ, ವಧೂವರರ ಹೆಸರಿನ ಕೆಳಗೆ, ಮಸಿ ಕಂದಿದ ಒಂದೂವರೆ ಸಾಲಿನ ಲ್ಯಾಟಿನ್ ಬರಹವಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ಅಕ್ಷರ ಅಕ್ಷರವಾಗಿ ಬಿಡಿಸಿದಾಗ 'ತೆರ್ತಿಯೋ ಗ್ರಾದು' ಎಂಬ ಪದಗಳು ಕಂಡವು: ಮೂರನೆಯ ತಲೆಯ ರಕ್ತಸಂಬಂಧ. ಅಂದಿನ ಕ್ಯಾಥೊಲಿಕ್ ನಿಯಮದಂತೆ ನಾಲ್ಕನೆಯ ತಲೆಯವರೆಗಿನ ಬಂಧುಗಳು ಮದುವೆಯಾಗಬೇಕಾದರೆ ವಿಶೇಷ ಅನುಮತಿ ಬೇಕಿತ್ತು. ಮೂರನೆಯ ತಲೆ ಎಂದರೆ ಇಬ್ಬರಿಗೂ ಮುತ್ತಜ್ಜ, ಮುತ್ತಜ್ಜಿ ಒಬ್ಬರೇ. ಉಳಿದ ಅಜ್ಜ, ಅಜ್ಜಿಯರ ತವರುಗಳು ಗೊತ್ತಿದ್ದುದರಿಂದ ಈ ಇಬ್ಬರು ಅಜ್ಜಿಯರು ಒಡಹುಟ್ಟಿದವರಾಗಿರದೆ ಬೇರೆ ದಾರಿಯಿರಲಿಲ್ಲ. ಹಡಗಿನ ಪಟ್ಟಿಗೆ ಹಿಂತಿರುಗಿದಾಗ, ಒಂದೇ ಕುಟುಂಬದಲ್ಲಿ ಅದೇ ಹೆಸರಿನ, ವಯಸ್ಸೂ ಹೊಂದುವ ಇಬ್ಬರು ಹುಡುಗಿಯರು ಸಿಕ್ಕರು. ಆ ರಾತ್ರಿ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ.

ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಂಡದ್ದು ಇಲ್ಲಿ ತುಂಬ ಉಪಕಾರಕ್ಕೆ ಬಂತು. ಇಂಗ್ಲಿಷಿನ 'ಕಸಿನ್' ಎಂಬ ಒಂದೇ ಪದದಲ್ಲಿ ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗ, ಸೋದರಮಾವನ ಮಗ, ಸೋದರತ್ತೆಯ ಮಗ ಎಲ್ಲರೂ ಕರಗಿಹೋಗುತ್ತಾರೆ. ನಮ್ಮ ವಾವೆಯ ಹೆಸರು ಬರೆಯಬೇಕಾದರೆ ಸಂಬಂಧ ತಾಯಿಯ ಕಡೆಯದೋ ತಂದೆಯ ಕಡೆಯದೋ, ಗಂಡಿನ ಮೂಲಕವೋ ಹೆಣ್ಣಿನ ಮೂಲಕವೋ ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನಿಸಲಾಗದ ಕಡೆ ಪುರಾವೆ ಸಾಲದೆಂದು ತಾನಾಗಿ ತಿಳಿಯುತ್ತದೆ. ಇದೇ ಬಳಗದಲ್ಲಿ ಅಣ್ಣತಮ್ಮಂದಿರಿಬ್ಬರು ಅಕ್ಕತಂಗಿಯರಿಬ್ಬರನ್ನು ತಂದುಕೊಂಡ ಮನೆಯೂ ಇದೆ. ಸಾಮಾನ್ಯವಾಗಿ ಕಸಿನ್‌ಗಳ ಡಿಎನ್‌ಎ ಸರಾಸರಿ ಶೇ. 12.5ರಷ್ಟು ಹೊಂದಿದರೆ, ಇಂಥ ಇಮ್ಮಡಿ ನಂಟಿನ ಮಕ್ಕಳಲ್ಲಿ ಅದು ಶೇ. 25ರಷ್ಟಾಗುತ್ತದೆ. ಆದ್ದರಿಂದ ಬೀಗಿತ್ತಿಯವರ ಡಿಎನ್‌ಎ ಪರೀಕ್ಷೆ ತೋರಿಸುವ ಹತ್ತಿರದ ಬಂಧುಗಳನ್ನು, ಕಾಗದದ ಪುರಾವೆ ಸಿಗುವವರೆಗೆ, ಒಂದು ತಲೆಮಾರು ದೂರದವರೆಂದೇ ಇಟ್ಟುಕೊಂಡಿದ್ದೇನೆ.

ಮುಂದಿನ ಕೆಲಸ ಐರ್ಲೆಂಡಿನಲ್ಲಿದೆ. 1922ರಲ್ಲಿ ಡಬ್ಲಿನ್‌ನ ದಾಖಲೆಗಳ ಭಂಡಾರ ಸುಟ್ಟಾಗ 1821ರ ಗಣತಿಯ ಬಹುಪಾಲು ಬೂದಿಯಾಯಿತು. ಅದು ಉಳಿದಿದ್ದರೆ ಈ ಅಕ್ಕತಂಗಿಯರ ಮನೆ ನೇರವಾಗಿ ಸಿಗುತ್ತಿತ್ತೇನೋ. ಆದರೆ ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಉತ್ತರ ಕಾರ್ಕಿನ ಪುಸ್ತಕಗಳಲ್ಲಿ 1805ರಿಂದ 1812ರವರೆಗಿನ ಪುಟಗಳನ್ನು ದಿನಕ್ಕೆ ಹತ್ತರಂತೆ ಓದಲು ಆರಂಭಿಸಿದ್ದೇನೆ. ಮಕ್ಕಳ ಹೆಸರಿನ ಜೊತೆಗೆ ಜ್ಞಾನಪಿತೃ, ಜ್ಞಾನಮಾತೆಯರ ಹೆಸರುಗಳನ್ನೂ ಬರೆದುಕೊಳ್ಳುತ್ತಿದ್ದೇನೆ, ಏಕೆಂದರೆ ಆ ಸ್ಥಾನಕ್ಕೆ ಹೆಚ್ಚಾಗಿ ಸ್ವಂತ ಬಳಗದವರನ್ನೇ ಕರೆಯುತ್ತಿದ್ದರು.