ಬೈಗುಳ ತೆಗೀರಿ ಅಕ್ಕಾರ, ತಾರೀಖು ಹಾಕ್ರಿ

ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ಒಬ್ಬ ಅಣ್ಣ ಅರ್ಜಿ ಟೈಪ್ ಮಾಡಿಕೊಡುತ್ತಾರೆ. ರಾತ್ರಿಯೆಲ್ಲ ಕೂತು ಬರೆದ ನನ್ನ ನಾಲ್ಕು ಪುಟದ ದೂರನ್ನು ಪೂರ್ತಿ ಓದಿ, "ಬೈಗುಳ ತೆಗೀರಿ ಅಕ್ಕಾರ, ತಾರೀಖು ಹಾಕ್ರಿ" ಅಂದರು.

ಆಗಿದ್ದು ಇಷ್ಟು. ಅವ್ವನ ಪಿತ್ತಕೋಶದಲ್ಲಿ ಕಲ್ಲು. ಆಳಂದ ಕಡೆಯ ನಮ್ಮೂರಿಂದ ಕರಕೊಂಡು ಬಂದು ಇಲ್ಲಿನ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆವು. ಆಪರೇಷನ್ ಚೆನ್ನಾಗೇ ಆಯಿತು. ಡಿಸ್ಚಾರ್ಜ್ ದಿನ ಬಿಲ್ ನೋಡಿದರೆ ಎರಡು ದಿನದ ಐಸಿಯು ಲೆಕ್ಕ, 18,000 ರೂಪಾಯಿ. ಅವ್ವ ಐಸಿಯು ಬಾಗಿಲನ್ನೂ ಕಂಡಿರಲಿಲ್ಲ! ಆ ಎರಡೂ ದಿನ ಜನರಲ್ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ನಾನೇ ಗಂಜಿ ಕುಡಿಸಿದ್ದೆ. ಕೇಳಿದರೆ, "ಕಂಪ್ಯೂಟರ್‌ನಾಗ ಹಂಗೇ ಬಂದದ್ರಿ." ಅವ್ವ ಮನೆಗೆ ಹೋಗೋಣ ಅಂತ ಒಂದೇ ಸಮನೆ ಹಟ. ಕಟ್ಟಿ ಬಂದೆವು.

ಟೈಪಿಂಗ್ ಅಣ್ಣ ಇನ್ನೊಂದು ಕೇಳಿದರು. "ದೂರು ಡಾಕ್ಟರ್ ಮ್ಯಾಲೋ, ದವಾಖಾನಿ ಮ್ಯಾಲೋ?" ನಾನು ಇಬ್ಬರನ್ನೂ ಸೇರಿಸಿ ಬೈದಿದ್ದೆ. ಡಾಕ್ಟರ ನಡತೆಯ ಮೇಲೆ ದೂರಾದರೆ ಅದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕಂತೆ. ಖಾಸಗಿ ದವಾಖಾನೆಯ ಬಿಲ್ಲಿನ ತಕರಾರಿಗೆ ಬೆಂಗಳೂರು ಬೇಡ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಜಿಲ್ಲೆಯಲ್ಲೇ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ.

ಆದರೆ ಮೊದಲು ಕೇಸ್ ಶೀಟ್ ಬೇಕು. ಡಿಸ್ಚಾರ್ಜ್ ಸಮ್ಮರಿ ಸಾಲದು. ಯಾವ ಹೊತ್ತಿಗೆ ಯಾವ ನರ್ಸ್ ಎಲ್ಲಿ ಬಿಪಿ ನೋಡಿದಳು ಅನ್ನೋದು ಕೇಸ್ ಶೀಟಿನಲ್ಲೇ ಇರುತ್ತದೆ. "ಅದು ಕೊಡಂಗಿಲ್ರಿ" ಅಂದರು ಕೌಂಟರ್‌ನವರು. ಕೊಡಲೇಬೇಕು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಬಾಯಲ್ಲಿ ಕೇಳಿದರೆ ಸುಮ್ನೆ ತಿರುಗಾಟ. ಎರಡು ಪ್ರತಿ ಬರೆದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಲು ಹೋದೆ. ಸೀಲು ಒತ್ತಲಿಲ್ಲ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಬಿಲ್ಲಿಗೆ ಪಿನ್ ಮಾಡಿಟ್ಟೆ. ಅದು ತಲುಪಿದ ಮೂರನೇ ದಿನ ಅವರೇ ಫೋನ್ ಮಾಡಿದರು, "ಬಂದು ಒಯ್ರಿ."

ಎರಡೂ ದಿನದ ಪುಟಗಳಲ್ಲಿ ನರ್ಸ್ ಕೈಯಿಂದಲೇ "ಜನರಲ್ ವಾರ್ಡ್" ಅಂತ ಬರೆದಿತ್ತು. ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೋ, ತಂಗಿಗೆ ತೋರಿಸೋಕೆ ತೆಗೆದಿದ್ದು. ಅವ್ವ ಮಂಚದ ಮೇಲೆ, ಹಿಂದೆ ಕಿಟಕಿ, ದಿನ, ಗಂಟೆ ಎಲ್ಲ ಅದರಲ್ಲೇ ಇತ್ತು.

ನಾಲ್ಕು ಪುಟ ಒಂದೂವರೆಯಾಯಿತು. "ಹೃದಯವಿಲ್ಲದ ಕಟುಕರು" ಅನ್ನೋ ಸಾಲು ತೆಗೆಯೋವಾಗ ಮಾತ್ರ ಸ್ವಲ್ಪ ಹೊಟ್ಟೆ ಉರಿಯಿತು. ಕೊನೆಗೆ ಕೇಳಿದ್ದು ಒಂದೇ, 18,000 ವಾಪಸ್.

ಚಿಕಿತ್ಸೆ ಕೆಟ್ಟು ಪರಿಹಾರ ಬೇಕಾದವರಿಗೆ ಗ್ರಾಹಕ ಆಯೋಗ ಇದೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಅದರೊಳಗೆ ಬರುತ್ತದೆ. ಎರಡು ವರ್ಷದೊಳಗೆ ಹಾಕಬೇಕು. ಕಟ್ಟಿದ ದುಡ್ಡು 5 ಲಕ್ಷ ದಾಟದಿದ್ದರೆ ಶುಲ್ಕ ಇಲ್ಲ. ಸರ್ಕಾರಿ ದವಾಖಾನೆಯ ಪುಕ್ಕಟೆ ಚಿಕಿತ್ಸೆಗೆ ಈ ದಾರಿ ಇಲ್ಲ. ಅದಕ್ಕೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದೂ ಕೊಡಬಹುದು.

ನಮ್ಮದು ವಿಚಾರಣೆವರೆಗೆ ಹೋಗಲಿಲ್ಲ. ಜಿಲ್ಲಾ ಪ್ರಾಧಿಕಾರದ ನೋಟಿಸ್ ಮುಟ್ಟಿದ ಮೇಲೆ ದವಾಖಾನೆಯವರು ಕರೆದರು. ಮೊದಲು ದೂರು ವಾಪಸ್ ಬರೆದುಕೊಡಿ ಅಂದರು. ಮೊದಲು ದುಡ್ಡು ಖಾತೆಗೆ ಹಾಕಿ ಅಂದೆ. ಹಾಕಿದರು.

ಸಂಜೆ ಅವ್ವನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು ದುಡ್ಡಿನ ವಿಷಯ ಅಲ್ಲ.

"ಆ ಆಪ್ರೇಷನ್ ಮಾಡಿದ ಡಾಕ್ಟರ್ ಛಲೋ ಮನಷ್ಯಾ. ಅವನ ಹೆಸರು ಬರದಿಲ್ಲ ಹೌದಿಲ್ಲೋ?"