ಬಲಕ್ಕೆ ಕಡಲು, ಎಡಕ್ಕೆ ಹೊಳೆ

ಮಲ್ಪೆಯಿಂದ ಕಾಪುವಿಗೆ ಹೊರಟವರು ಸಾಮಾನ್ಯವಾಗಿ ಉಡುಪಿಗೆ ಬಂದು ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿಯುತ್ತಾರೆ. ಬೇಗ ತಲುಪಬೇಕಾದವರಿಗೆ ಅದೇ ಸರಿ. ಪುರುಸೊತ್ತಿದ್ದವರು ಬಂದರಿನ ಪಕ್ಕದ ಸೇತುವೆ ದಾಟಿ ಪಡುಕೆರೆಗೆ ಇಳಿಯಬೇಕು. ಅಲ್ಲಿಂದ ಮಟ್ಟು, ಕೈಪುಂಜಾಲು ಮೂಲಕ ಕಾಪುವಿನವರೆಗೂ ಕಡಲ ಬದಿಯಲ್ಲೇ ಸಾಗಬಹುದು. ಜನವರಿಯ ಒಂದು ದಿನ, ಬಿಸಿಲು ಸ್ವಲ್ಪ ಓರೆಯಾದ ಮೇಲೆ, ಉಡುಪಿಯ ಗೆಳೆಯನೂ ನಾನೂ ಸೈಕಲ್ ಹತ್ತಿದೆವು. ಗೇರ್ ಇಲ್ಲದ ಹಳೆಯ ಸೈಕಲ್‌ಗಳು. ಸೇತುವೆಯ ಏರೊಂದನ್ನು ಬಿಟ್ಟರೆ ದಾರಿಯುದ್ದಕ್ಕೂ ಸಮತಟ್ಟು. ಗೇರ್ ಇದ್ದಿದ್ದರೂ ಅದಕ್ಕೆ ಕೆಲಸವಿರುತ್ತಿರಲಿಲ್ಲ.

ಆ ಏರಿನ ನೆತ್ತಿಯಲ್ಲಿ ಎಲ್ಲರೂ ಒಂದು ಕಾಲು ಕೆಳಗಿಟ್ಟು ನಿಲ್ಲುತ್ತಾರೆ, ನಾವೂ ನಿಂತೆವು. ಕೆಳಗೆ ಹೊಳೆಯಲ್ಲಿ ಬೋಟುಗಳು ಒಂದಕ್ಕೊಂದು ಭುಜ ತಾಗಿಸಿಕೊಂಡಿದ್ದವು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ಜನವರಿಯಲ್ಲಿ ಹಾಗಲ್ಲ, ಅಳಿವೆಯಿಂದ ಒಳಗೆ ಬರುವ ಬೋಟಿಗೂ ಹೊರಗೆ ಹೋಗುವ ಬೋಟಿಗೂ ಬಿಡುವೇ ಇರಲಿಲ್ಲ. ಪಶ್ಚಿಮದ ಮಂಜಿನಲ್ಲಿ ಸೇಂಟ್ ಮೇರೀಸ್ ದ್ವೀಪದ ತೆಂಗಿನ ತಲೆಗಳು ಮಸುಕಾಗಿ ಕಂಡವು. ಲಾವಾ ತಣಿದು ಕಂಬ ಕಂಬವಾಗಿ ಸೀಳಿಕೊಂಡ ಅಲ್ಲಿನ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಸೈಕಲ್ ಹೋಗುವುದಿಲ್ಲವಾದ್ದರಿಂದ ಆ ಮಾತು ಇಲ್ಲಿಗೇ ಸಾಕು.

ಪಡುಕೆರೆಗೆ ಇಳಿದ ಮೇಲೆ ನೆಲದ ವಿಚಿತ್ರ ತಿಳಿಯತೊಡಗುತ್ತದೆ. ಉದ್ಯಾವರ ಹೊಳೆ ಪೂರ್ವದಿಂದ ಬಂದು ನೇರವಾಗಿ ಕಡಲು ಸೇರುವುದಿಲ್ಲ. ಅಲೆಗಳು ತಂದು ಒಟ್ಟಿದ ಮರಳಿನ ದಿಣ್ಣೆ ಅಡ್ಡ ನಿಂತಿರುವುದರಿಂದ, ಕಡಲು ಕೂಗಳತೆಯಲ್ಲಿದ್ದರೂ ಅದು ಬಡಗಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಮಲ್ಪೆಯ ಅಳಿವೆಯಲ್ಲಿ ಬಾಗಿಲು ಕಂಡುಕೊಳ್ಳುತ್ತದೆ. ಆ ದಿಣ್ಣೆಯ ಮೇಲೆಯೇ ಮನೆಗಳು, ತೆಂಗು, ರಸ್ತೆ, ನಮ್ಮ ಸೈಕಲ್ ಎಲ್ಲವೂ. ಬಲಕ್ಕೆ ಮೊರೆತ, ಎಡಕ್ಕೆ ಮಾತಿಲ್ಲದ ನೀರು. ಕೆಲವು ಕಡೆ ದಿಣ್ಣೆ ಎಷ್ಟು ಸಪೂರವೆಂದರೆ ಒಂದೇ ಅಂಗಳದಲ್ಲಿ ನಿಂತು ಎರಡನ್ನೂ ನೋಡಬಹುದು.

ಆದರೆ ಸೀಟಿನ ಮೇಲೆ ಕುಳಿತವನಿಗೆ ಕಡಲು ಎಲ್ಲೆಡೆಯೂ ಕಾಣುವುದಿಲ್ಲ. ಕಡಲ್ಕೊರೆತ ತಡೆಯಲು ಸುರಿದ ಕರಿಗಲ್ಲುಗಳ ರಾಶಿ ಅಡ್ಡ ಬರುತ್ತದೆ. ಕಲ್ಲಿನ ಆಚೆಯಿಂದ ಸದ್ದು ಬರುತ್ತದೆ, ಉಪ್ಪಿನ ತುಂತುರು ಬರುತ್ತದೆ, ಕಡಲು ಮಾತ್ರ ಬರುವುದಿಲ್ಲ. ನೋಟ ಕೆಟ್ಟಿತೆಂದು ದೂರುವುದು ಪ್ರವಾಸಿಗೆ ಸುಲಭ. ಮಳೆಗಾಲದ ರಾತ್ರಿ ಅಂಗಳದ ತೆಂಗಿನ ಬುಡ ಕೊಚ್ಚಿಹೋಗುವುದನ್ನು ಕಂಡವರು ಕಲ್ಲು ಬೇಡ ಎನ್ನುವುದಾದರೂ ಹೇಗೆ? ಆದರೂ ಕಲ್ಲಿಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ಕೊಂಡೊಯ್ಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ದಂಡೆಯನ್ನು ಕೊರೆಯುತ್ತದೆ. ಮನೆ ಉಳಿಸಲು ಹೋಗಿ ದಂಡೆ ಕಳೆದುಕೊಳ್ಳುವ ಈ ಲೆಕ್ಕ ನನಗೆ ಸಮಾಧಾನ ತರಲಿಲ್ಲ.

ಗೋಡೆ ಇಲ್ಲದ ಒಂದು ಜಾಗದಲ್ಲಿ ಹಿರಿಯರೊಬ್ಬರು ಬಲೆ ಸರಿಪಡಿಸುತ್ತಿದ್ದರು. ಹರಿದ ಕಣ್ಣುಗಳನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡು, ನೂಲು ಸುತ್ತಿದ ಪುಟ್ಟ ಕಡ್ಡಿಯನ್ನು ಒಳಗೆ ಹೊರಗೆ ಆಡಿಸಿ, ಪ್ರತಿ ಗಂಟನ್ನೂ ಉಗುರಿನಿಂದ ಒತ್ತಿ ಎಳೆಯುತ್ತಿದ್ದರು. ನೋಟ ಬಲೆಯ ಮೇಲೆ ಇರಲೇ ಇಲ್ಲ. ನಮ್ಮ ಸೈಕಲ್‌ಗಳ ಮೇಲಿತ್ತು.

"ಎಲ್ಲಿಂದ ಬಂದದ್ದು ನೀವು?"

"ಮಲ್ಪೆಯಿಂದ. ಕಾಪುವಿಗೆ ಹೋಗುತ್ತಿದ್ದೇವೆ."

"ಹೋಗುವಾಗ ಸುಖ. ಬರುವಾಗ ಗಾಳಿ ಎದುರು. ಕತ್ತಲಾದ ಮೇಲೆ ಬನ್ನಿ."

ಅವರು ಹೇಳಿದ್ದು ಖರೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರಿದಂತೆ ಕಡಲ ತಂಪು ಗಾಳಿ ಒಳನುಗ್ಗುತ್ತದೆ. ಈ ಕರಾವಳಿಯಲ್ಲಿ ಚಳಿಗಾಲದ ಮಧ್ಯಾಹ್ನ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೊರಟವನನ್ನು ಬೆನ್ನಹಿಂದಿನಿಂದ ತಳ್ಳುತ್ತದೆ. ಪೆಡಲ್ ತುಳಿಯುವುದೇ ಮರೆತುಹೋಗುವಷ್ಟು ಸಲೀಸು. ರಸ್ತೆಯ ಮೇಲೆ ತೆಳುವಾಗಿ ಹರಡಿದ ಮರಳಿನ ಮೇಲೆ ಮಾತ್ರ ಬ್ರೇಕ್ ಹಿಡಿಯಬಾರದು, ಚಕ್ರ ಜಾರುತ್ತದೆ.

ಮಟ್ಟುವಿನಲ್ಲಿ ಎಡಗಡೆ ಹಸಿರಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟು ಗುಳ್ಳ ಬೆಳೆಯುವುದು ಈ ಗದ್ದೆಗಳಲ್ಲೇ. ಎಲೆಗಳ ಮರೆಯಲ್ಲಿ ತಿಳಿಹಸಿರು ಗುಂಡು ಬದನೆಗಳು. ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬ ಕಥೆಯನ್ನು ಗೆಳೆಯ ಹೇಳಿದ, ಉಡುಪಿಯವರು ಅದನ್ನು ಹೇಳದೆ ಈ ದಾರಿಯಲ್ಲಿ ಮುಂದೆ ಹೋಗಲು ಬಿಡುವುದಿಲ್ಲ.

ಕೈಪುಂಜಾಲು ದಾಟುವಷ್ಟರಲ್ಲಿ ಬಿಳಿ ಕಪ್ಪು ಪಟ್ಟೆಗಳ ದೀಪಸ್ತಂಭ ಕಾಣಿಸಿತು. ಬಂಡೆಯ ನೆತ್ತಿಯ ಮೇಲೆ 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಸೈಕಲ್‌ಗಳಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿದೆವು. ಕಾಪು ಕಡಲ ತೀರದಲ್ಲಿ ಜನ ಬಹಳ, ಮೊಬೈಲ್‌ಗಳು ಇನ್ನೂ ಬಹಳ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನಿಂದ ಉತ್ತರಕ್ಕೆ ತಿರುಗಿದರೆ ನಾವು ಬಂದ ದಿಕ್ಕಿನ ತೀರವೆಲ್ಲ ತೆಂಗಿನ ಒಂದು ಗೀಟಾಗಿ ಮಲಗಿತ್ತು. ಇಷ್ಟು ನೆಲವನ್ನು ನಂಬಿ ಊರು ಕಟ್ಟಿದವರ ಧೈರ್ಯ ದೊಡ್ಡದು.

ಕೆಳಗಿಳಿದಾಗ ಗೆಳೆಯ ಹೆದ್ದಾರಿಯಲ್ಲಿ ಹೋಗೋಣವೆಂದ. ಲಾರಿಗಳ ನಡುವೆ ನಾನು ಬರುವುದಿಲ್ಲವೆಂದೆ. ಹಿರಿಯರ ಮಾತಿನಂತೆ ಕತ್ತಲಾಗುವವರೆಗೆ ಕಾದೆವು. ಗಾಳಿ ನಿಜಕ್ಕೂ ತಗ್ಗಿತ್ತು. ದೀಪ ಕಟ್ಟಿಕೊಂಡು ಬಂದ ದಾರಿಯಲ್ಲೇ ಮರಳಿದೆವು. ಮನೆಗೆ ಬಂದೊಡನೆ ಗೆಳೆಯ ಮಾಡಿದ ಮೊದಲ ಕೆಲಸ ಎರಡೂ ಸೈಕಲ್‌ಗಳನ್ನು ಬಾವಿಯ ನೀರಿನಲ್ಲಿ ತೊಳೆದು, ಚೈನ್ ಒರೆಸಿ ಎಣ್ಣೆ ಬಿಟ್ಟಿದ್ದು. ಉಪ್ಪುಗಾಳಿಗೆ ಸಿಕ್ಕ ಚೈನನ್ನು ಹಾಗೆಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಬಣ್ಣ ತೋರಿಸುತ್ತದೆಯಂತೆ. ನಾನು ಹಸಿದಿದ್ದೆ, ಆದರೂ ಲಾಟೀನು ಹಿಡಿದು ನಿಲ್ಲಬೇಕಾಯಿತು.